ಟ್ರಿಸ್ಟಾನ್ ಡಾ ಕುನ್ಹಾ ದ್ವೀಪಕ್ಕೆ ಹೊರಡುವವರಿಗೆ

ದಕ್ಷಿಣ ಅಟ್ಲಾಂಟಿಕ್ ಸಾಗರದ ನಡುವೆ, ಕೇಪ್ ಟೌನ್‌ನಿಂದ ಸುಮಾರು 2,800 ಕಿಲೋಮೀಟರ್ ದೂರದಲ್ಲಿರುವ ಟ್ರಿಸ್ಟಾನ್ ಡಾ ಕುನ್ಹಾ ದ್ವೀಪದಲ್ಲಿ ವಿಮಾನ ನಿಲ್ದಾಣವಿಲ್ಲ. ಕೇಪ್ ಟೌನ್‌ನಿಂದ ಹೊರಡುವ ಕೆಲವೇ ಹಡಗುಗಳು ಅಲ್ಲಿಗೆ ಹೋಗುತ್ತವೆ. ಪಯಣಕ್ಕೆ ಸುಮಾರು ಒಂದು ವಾರ ಹಿಡಿಯುತ್ತದೆ. ದ್ವೀಪ ಮಂಡಳಿಯ ಒಪ್ಪಿಗೆಯನ್ನು ಮೊದಲೇ ಪಡೆದು, ಆಮೇಲೆ ಹಡಗಿನಲ್ಲಿ ಸ್ಥಳ ಕೇಳಬೇಕು.

ಹೊರಡುವ ಮುನ್ನ ಅಲ್ಲಿನ ನಕ್ಷೆಯನ್ನೂ ಹೆಸರುಗಳನ್ನೂ ಓದಿಕೊಳ್ಳಿ ಎಂಬುದು ನನ್ನ ಮುಖ್ಯ ಸಲಹೆ. 1506ರಲ್ಲಿ ಈ ದ್ವೀಪವನ್ನು ಕಂಡ ಪೋರ್ಚುಗೀಸ್ ನಾವಿಕ, ಕಡಲಿನ ಅಬ್ಬರದಿಂದ ದಡ ಸೇರಲಾಗದೆ, ತನ್ನ ಹೆಸರನ್ನಷ್ಟೇ ಅದಕ್ಕೆ ಉಳಿಸಿ ಹೋದನು. ಕಡಲು ಇಂದಿಗೂ ಹಾಗೆಯೇ ಇದೆ. ಬಂದರು ಚಿಕ್ಕದಾದ್ದರಿಂದ ಹಡಗು ದೂರದಲ್ಲಿಯೇ ನಿಲ್ಲುತ್ತದೆ. ಅಲೆ ತಗ್ಗಿದ ಮೇಲೆಯೇ ಸಣ್ಣ ದೋಣಿಯಲ್ಲಿ ಇಳಿಯಬೇಕು. ದ್ವೀಪವನ್ನು ಕಣ್ಣೆದುರಿಗಿಟ್ಟುಕೊಂಡು ಕಾಯುವ ತಾಳ್ಮೆ ಬೇಕು.

ಇಡೀ ದ್ವೀಪವು ಕಡಲಿನಿಂದ ಮೇಲೆದ್ದ ಒಂದೇ ಜ್ವಾಲಾಮುಖಿ. ಹೆಚ್ಚುಕಡಿಮೆ ದುಂಡಗಿನ ಈ ನೆಲದ ಅಡ್ಡಳತೆ ಸುಮಾರು 12 ಕಿಲೋಮೀಟರ್. ಅಂಚಿನಲ್ಲಿ ಸುಮಾರು 600 ಮೀಟರ್ ಎತ್ತರದ ಕಡಿದಾದ ಬಂಡೆಗಳು, ನಡುವೆ 2,062 ಮೀಟರ್ ಎತ್ತರದ ಕ್ವೀನ್ ಮೇರೀಸ್ ಪೀಕ್. ಬಂಡೆಗಳ ಮೇಲಿನ ಇಳಿಜಾರನ್ನು ಅಲ್ಲಿನವರು ‘ಬೇಸ್’ ಎನ್ನುತ್ತಾರೆ. ಮೋಡ ಕ್ಷಣದಲ್ಲಿ ಕವಿಯುವುದರಿಂದ, ಸ್ಥಳೀಯ ಮಾರ್ಗದರ್ಶಕರಿಲ್ಲದೆ ಅಲ್ಲಿಗೆ ಹತ್ತುವ ಯೋಚನೆ ಬೇಡ.

ಜನವಸತಿ ಇರುವುದು ವಾಯವ್ಯದ ಸಣ್ಣ ಬಯಲಿನಲ್ಲಿ ಮಾತ್ರ. 1867ರಲ್ಲಿ ಎಡಿನ್‌ಬರೊ ಡ್ಯೂಕ್ ಆಲ್ಫ್ರೆಡ್ ಭೇಟಿಯಿತ್ತ ನೆನಪಿಗೆ ಊರಿಗೆ ‘ಎಡಿನ್‌ಬರೊ ಆಫ್ ದಿ ಸೆವೆನ್ ಸೀಸ್’ ಎಂಬ ಹೆಸರು ಬಂದರೂ, ದ್ವೀಪದವರ ಬಾಯಲ್ಲಿ ಅದು ‘ಸೆಟ್ಲ್‌ಮೆಂಟ್’ ಮಾತ್ರ. ಅಲ್ಲಿಂದ ಒಂದೇ ರಸ್ತೆ ಆಲೂಗಡ್ಡೆ ಬೆಳೆಯುವ ‘ಪ್ಯಾಚಸ್’ ಕಡೆಗೆ ಹೋಗುತ್ತದೆ. ಮೊದಲ ದಿನದ ನಡಿಗೆಗೆ ಅದೇ ಸೂಕ್ತ. ಹಿಂದೊಮ್ಮೆ ಪಾದ್ರಿಯೊಬ್ಬರು ಸಾಮಾನು ಇಳಿಸಿದ ದಡಕ್ಕೆ ಆ ಸಂಗತಿಯ ಪೂರ್ತಿ ವಾಕ್ಯವೇ ಹೆಸರಾಗಿ ನಿಂತಿದೆ. ಇಂಥ ಹೆಸರುಗಳನ್ನು ಕೇಳಿ ತಿಳಿಯುವುದಕ್ಕಾಗಿಯೇ ದ್ವೀಪದವರ ಮನೆಯೊಂದರಲ್ಲಿ ಉಳಿಯಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಊರಿನ ಪೂರ್ವ ಅಂಚಿನಲ್ಲಿ 1961ರ ಸ್ಫೋಟದಿಂದ ಎದ್ದ ಕಪ್ಪು ದಿಬ್ಬವನ್ನು ತಪ್ಪದೆ ನೋಡಿ. ಆಗ ದ್ವೀಪದವರೆಲ್ಲರನ್ನೂ ಇಂಗ್ಲೆಂಡಿಗೆ ಕರೆದೊಯ್ಯಲಾಯಿತು. ಅಲ್ಲಿ ಅವರು ನೆಲೆಸಿದ್ದ ಊರು ಕ್ಯಾಲ್‌ಶಾಟ್. 1963ರಲ್ಲಿ ಬಹುತೇಕರು ಹಿಂದಿರುಗಿದರು. ಲಾವಾ ಹಳೆಯ ದಡಗಳನ್ನು ಮುಚ್ಚಿಹಾಕಿದ್ದರಿಂದ 1967ರಲ್ಲಿ ಕಟ್ಟಿದ ಹೊಸ ಬಂದರಿಗೆ ಅವರು ಕ್ಯಾಲ್‌ಶಾಟ್ ಎಂದೇ ಹೆಸರಿಟ್ಟರು. ಆಶ್ರಯವಿತ್ತ ಊರನ್ನು ಹೀಗೆ ತಮ್ಮ ನೆಲದಲ್ಲಿ ಉಳಿಸಿಕೊಂಡ ಜನರ ಬಗ್ಗೆ ನನಗೆ ಅಪಾರ ಗೌರವವಿದೆ.

ನೆರೆಯ ಇನ್‌ಆಕ್ಸೆಸಿಬಲ್ ಮತ್ತು ನೈಟಿಂಗೇಲ್ ದ್ವೀಪಗಳಿಗೆ ಹೋಗುವ ಅವಕಾಶ ಸಂಪೂರ್ಣವಾಗಿ ಹವಾಮಾನವನ್ನೂ ಅನುಮತಿಯನ್ನೂ ಅವಲಂಬಿಸಿದೆ. ಖರ್ಚಿಗೆ ಬ್ರಿಟಿಷ್ ಪೌಂಡ್ ನೋಟುಗಳನ್ನು ಒಯ್ಯಿರಿ. ಮರಳುವ ಹಡಗು ತಡವಾಗಬಹುದಾದ್ದರಿಂದ ಕೇಪ್ ಟೌನ್‌ನಿಂದ ಮುಂದಿನ ವಿಮಾನಕ್ಕೆ ಸಾಕಷ್ಟು ದಿನಗಳ ಅಂತರವಿಡಿ. ದಕ್ಷಿಣ ಆಫ್ರಿಕಾಕ್ಕೆ ವೀಸಾ ಬೇಕಾದವರು ಎರಡನೆಯ ಪ್ರವೇಶಕ್ಕೂ ಅದು ಸಲ್ಲುತ್ತದೆಯೇ ಎಂದು ಹೊರಡುವ ಮೊದಲೇ ಖಚಿತಪಡಿಸಿಕೊಳ್ಳಿ.