ತುಟಿ ಜೋಮು ಹಿಡಿದರೂ ಹಲ್ಲು ನೋಯುತ್ತಿತ್ತು

ಆ ಬುಧವಾರ ಬೆಳಗಿನ ಪಾಠ ಕೆಳದವಡೆಯ ಬ್ಲಾಕ್, ಅಂದರೆ ಕೆಳಹಲ್ಲುಗಳಿಗೆ ಹೋಗುವ ಇನ್ಫೀರಿಯರ್ ಆಲ್ವಿಯೋಲಾರ್ ನರವನ್ನು ಮರಗಟ್ಟಿಸುವ ಇಂಜೆಕ್ಷನ್. ಮುಂದಿನ ಸಾಲುಗಳಲ್ಲಿ ಬಿಡಿಎಸ್ ಮೂರನೇ ವರ್ಷದವರು, ಹಿಂದೆ ದಂತ ವಿಭಾಗಕ್ಕೆ ಪೋಸ್ಟಿಂಗ್ ಮೇಲೆ ಬಂದ ಕೆಲವು ಎಂಬಿಬಿಎಸ್ ವಿದ್ಯಾರ್ಥಿಗಳು. ಮಧ್ಯಾಹ್ನ ಇವರೇ ಕಲಘಟಗಿ, ಕುಂದಗೋಳದ ಕಡೆಯಿಂದ ಬಂದ ರೋಗಿಗಳ ಕುರ್ಚಿಯ ಪಕ್ಕ ನಿಲ್ಲುವವರು. ನಾವು ಕೈಗೆ ಕೊಟ್ಟ ನೋಟ್ಸಿನಲ್ಲಿ ಒಂದು ಸಾಲು ತಪ್ಪಿದರೂ ಅದು ಯಾರದೋ ಬಾಯಲ್ಲಿ ನೋವಾಗುತ್ತದೆ.

ಪಾಠ ಶುರುವಾದದ್ದು ಒಣ ದವಡೆ ಎಲುಬಿನಿಂದ. ಪರದೆಯ ಮೇಲಿನ ಚಿತ್ರ ಚಪ್ಪಟೆ. ದವಡೆಯ ರೇಮಸ್ ಭಾಗ, ಅಂದರೆ ಹಿಂಬದಿಯಲ್ಲಿ ಮೇಲಕ್ಕೇರುವ ಎಲುಬು, ಹಿಂದೆ ಹೋದಂತೆ ಹೊರಕ್ಕೆ ಅಗಲುತ್ತದೆ ಎನ್ನುವುದು ಅದರಲ್ಲಿ ಕಾಣುವುದೇ ಇಲ್ಲ. ಎಲುಬನ್ನು ಕೈಯಲ್ಲಿ ಹಿಡಿದು ಮೇಲಿನಿಂದ ನೋಡಿದಾಗ, ಸಿರಿಂಜನ್ನು ಎದುರು ಬದಿಯ ಪ್ರೀಮೋಲಾರ್ (ಕೋರೆಹಲ್ಲಿನ ಹಿಂದಿನ) ಹಲ್ಲುಗಳ ಮೇಲಿಂದ ಯಾಕೆ ತರಬೇಕು ಎಂಬುದು ಹೇಳದೆಯೇ ತಿಳಿಯುತ್ತದೆ. ನಾಲ್ಕು ವಿದ್ಯಾರ್ಥಿಗಳಿಗೆ ಒಂದು ಎಲುಬು ಸಿಕ್ಕರೂ ಸಾಕು, ಹತ್ತು ಸ್ಲೈಡು ಉಳಿಯುತ್ತವೆ.

ಹೆಬ್ಬೆರಳು ರೇಮಸ್ ಮುಂದಿನ ಅಂಚಿನ ತಗ್ಗಾದ ಕೊರೊನಾಯ್ಡ್ ನಾಚ್‌ನಲ್ಲಿ ಕೂರಬೇಕು. ಅಲ್ಲಿಂದ ಬಾಯಿಯ ಹಿಂಬದಿಯಲ್ಲಿ ಮೇಲಿಂದ ಕೆಳಗಿಳಿಯುವ ಮಡಿಕೆಯಾದ ಟೆರಿಗೋಮ್ಯಾಂಡಿಬ್ಯುಲರ್ ರಾಫೆಯವರೆಗಿನ ದೂರದಲ್ಲಿ ಮುಕ್ಕಾಲು ಪಾಲು ಹಿಂದೆ, ಕೆಳಹಲ್ಲುಗಳ ಅಗಿಯುವ ಮಟ್ಟಕ್ಕಿಂತ 6ರಿಂದ 10 ಮಿ.ಮೀ. ಮೇಲೆ ಸೂಜಿ ಚುಚ್ಚುವ ಜಾಗ. ಒಳಗೆ 20ರಿಂದ 25 ಮಿ.ಮೀ. ಹೋದಾಗ ಎಲುಬು ತಾಗಬೇಕು. ತಾಗಿದ ಮೇಲೆ 1 ಮಿ.ಮೀ. ಹಿಂದೆಳೆದು, ಪಿಸ್ಟನ್ ಎಳೆದು ರಕ್ತ ಬರುವುದಿಲ್ಲವೆಂದು ನೋಡಿ, 1.5 ಎಂಎಲ್ ಔಷಧವನ್ನು ಒಂದು ನಿಮಿಷ ಹಿಡಿದು ನಿಧಾನ ಬಿಡಬೇಕು. ಹೊರಗೆ ಬರುವಾಗ ಅರ್ಧ ದಾರಿಯಲ್ಲಿ 0.2 ಎಂಎಲ್ ನಾಲಗೆಯ ನರಕ್ಕೆ.

ಇಷ್ಟು ಎಲ್ಲ ಪುಸ್ತಕದಲ್ಲೂ ಇದೆ. ನೋಟ್ಸಿನಲ್ಲಿ ಜಾಗ ಬೇಕಾದದ್ದು ಎಲುಬು ತಾಗದಿದ್ದರೆ, ಬೇಗ ತಾಗಿದರೆ ಏನು ಎನ್ನುವುದಕ್ಕೆ. ಅರ್ಧ ಸೂಜಿಯೂ ಹೋಗದೆ ಎಲುಬು ಸಿಕ್ಕಿತೆಂದರೆ ತುದಿ ತೀರಾ ಮುಂದೆ ಇದೆ. ಸ್ವಲ್ಪ ಹಿಂದೆಳೆದು, ಸಿರಿಂಜನ್ನು ಎದುರು ಬದಿಯ ಕೋರೆಹಲ್ಲಿನ ಕಡೆ ಸರಿಸಿ ಮತ್ತೆ ಒಳಗೆ ಹೋಗಬೇಕು. 25 ಮಿ.ಮೀ. ಹೋದರೂ ಎಲುಬು ಸಿಗದಿದ್ದರೆ ತುದಿ ತೀರಾ ಹಿಂದೆ ಇದೆ. ಸಿರಿಂಜು ಮೋಲಾರ್ (ದವಡೆ) ಹಲ್ಲುಗಳ ಕಡೆ ಸರಿಯಬೇಕು. ಎಲುಬು ತಾಗದೆ ಔಷಧ ಬಿಟ್ಟರೆ ಅದು ಕಿವಿಯ ಮುಂದಿನ ಜೊಲ್ಲಿನ ಗ್ರಂಥಿಯಾದ ಪರೋಟಿಡ್ ಒಳಗೆ ಹೋಗಿ ಮುಖದ ನರವನ್ನೇ ಮರಗಟ್ಟಿಸಬಹುದು. ರೋಗಿಗೆ ಆ ಬದಿಯ ಕಣ್ಣು ಮುಚ್ಚಲಾಗುವುದಿಲ್ಲ. ಕೆಲವು ಗಂಟೆಗಳಲ್ಲಿ ಸರಿಹೋಗುತ್ತದೆ ನಿಜ, ಆದರೆ ಅಷ್ಟು ಹೊತ್ತು ಆ ಮನೆಮಂದಿಯ ಜೀವ ಕೈಯಲ್ಲಿರುತ್ತದೆ.

ಸೂಜಿಯ ಉದ್ದವನ್ನೂ ಬರೆಯಲೇಬೇಕು. 2 ಎಂಎಲ್ ಡಿಸ್ಪೋಸಬಲ್ ಸಿರಿಂಜಿನ ಜೊತೆ ಸಾಮಾನ್ಯವಾಗಿ 1 ಇಂಚಿನ ಸೂಜಿ ಬರುತ್ತದೆ, ಅಂದರೆ 25 ಮಿ.ಮೀ. ಎಲುಬು ಮುಟ್ಟುವಷ್ಟರಲ್ಲಿ ಅದು ಬುಡದವರೆಗೂ ಒಳಗೆ ಹೋಗಿರುತ್ತದೆ. ಸೂಜಿ ಮುರಿಯುವುದು ಬುಡದಲ್ಲೇ. ಮುರಿದರೆ ಹಿಡಿದೆಳೆಯಲು ಹೊರಗೆ ಏನೂ ಉಳಿದಿರುವುದಿಲ್ಲ. ಒಂದೂವರೆ ಇಂಚಿನದನ್ನು ಕೇಳಿ ಪಡೆಯಬೇಕು.

ಮಧ್ಯಾಹ್ನ ಐವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬರು ಕುರ್ಚಿಯಲ್ಲಿದ್ದರು. ಕೆಳಗಿನ ಬಲಬದಿಯ ಮೊದಲ ಮೋಲಾರ್, ಮೂರು ರಾತ್ರಿ ನಿದ್ದೆಗೆಡಿಸಿದ ಹಲ್ಲು. ವಿದ್ಯಾರ್ಥಿನಿ ಬ್ಲಾಕ್ ಸರಿಯಾಗಿಯೇ ಕೊಟ್ಟಿದ್ದಳು. ಕೆನ್ನೆ ಬದಿಯ ಒಸಡಿಗೆ ಬೇರೆಯಾಗಿ 0.3 ಎಂಎಲ್ ಕೊಡುವುದನ್ನೂ ಮರೆತಿರಲಿಲ್ಲ. ಹತ್ತು ನಿಮಿಷ ಕಾದು ಕೇಳಿದಳು: "ಅಮ್ಮಾ, ತುಟಿ ಜೋಮು ಹಿಡೀತೇನ್ರೀ?"

"ಹೌದವ್ವಾ, ದಪ್ಪ ಆದಂಗ ಆಗೇತಿ."

ಪಕ್ಕದಲ್ಲಿದ್ದ ಬೇರೆ ಊರಿನ ಹುಡುಗ ತುಟಿ ಬಾತಿದೆಯೇನೋ ಎಂದು ಗಾಬರಿಯಿಂದ ನೋಡಿದ. ಇಲ್ಲಿ ಮರಗಟ್ಟಿದ ತುಟಿಗೆ ಜನ ಹೇಳುವ ಮಾತೇ ಅದು: ದಪ್ಪ ಆದಂಗ, ಬಾತಂಗ, ಜಡ. ನೋಟ್ಸಿನಲ್ಲಿ ಅದು ಇರಲಿಲ್ಲ. ಹಲ್ಲು ಕೀಳುವ ಮುನ್ನ ಸಡಿಲಿಸುವ ಉಪಕರಣವಾದ ಎಲಿವೇಟರ್ ಇಟ್ಟ ಕೂಡಲೇ ಆಕೆ ಕೈ ಎತ್ತಿದರು. "ಒತ್ತಿದಂಗ ಆಗತೈತೋ, ನೋವಾಗತೈತೋ?" ಎಂದು ಕೇಳಿದ್ದಕ್ಕೆ, "ಒತ್ತಿದಂಗ ಅಲ್ಲವ್ವಾ, ಚಳಕ್ ಅಂತೈತಿ" ಎಂದರು. ಈ ಪ್ರಶ್ನೆ ಬಹಳ ಮುಖ್ಯ. ಒತ್ತಡ ಬ್ಲಾಕ್ ಕೊಟ್ಟ ಮೇಲೂ ತಿಳಿಯುತ್ತದೆ, ಚಳಕು, ಅಂದರೆ ಚುಚ್ಚಿದಂಥ ನೋವು, ತಿಳಿಯಬಾರದು.

ನಮ್ಮ ನೋಟ್ಸಿನಲ್ಲಿದ್ದ ಸಾಲು, "ತುಟಿ ಜೋಮು ಹಿಡಿದರೆ ಬ್ಲಾಕ್ ಯಶಸ್ವಿ, ಕೆಲಸ ಶುರುಮಾಡಿ." ಅದು ತಪ್ಪು. ತುಟಿಗೆ ಹೋಗುವುದು ಮೆಂಟಲ್ ನರ, ಇನ್ಫೀರಿಯರ್ ಆಲ್ವಿಯೋಲಾರ್ ನರದ ಒಂದು ಕವಲು. ಅದು ಮರಗಟ್ಟಿದ್ದರೆ ಔಷಧ ನರಕ್ಕೆ ತಲುಪಿದೆ ಎಂದಷ್ಟೇ ಅರ್ಥ. ಮೊದಲ ಮೋಲಾರ್‌ಗೆ ಒಳಬದಿಯಿಂದ ಮೈಲೋಹಯಾಯ್ಡ್ ನರದ ಎಳೆಗಳೂ ಬರುವುದುಂಟು, ಮುಂದಿನ ಬೇರಿಗೆ ಹೆಚ್ಚಾಗಿ. ಅದು ಮುಖ್ಯ ನರದಿಂದ ಬ್ಲಾಕ್ ಕೊಡುವ ಜಾಗಕ್ಕಿಂತ ಮೇಲೆಯೇ ಕವಲೊಡೆದಿರುತ್ತದೆ. ವಿದ್ಯಾರ್ಥಿನಿ ಅದೇ ಬ್ಲಾಕನ್ನು ಮತ್ತೊಮ್ಮೆ ಕೊಡಲು ಔಷಧ ತುಂಬುತ್ತಿದ್ದಳು. ಅದರ ಬದಲು ಎರಡನೇ ಮೋಲಾರ್‌ನ ಬೇರಿನ ತುದಿಯ ಮಟ್ಟದಲ್ಲಿ, ನಾಲಗೆ ಬದಿಯಲ್ಲಿ 0.6 ಎಂಎಲ್ ಕೊಟ್ಟು ಐದು ನಿಮಿಷ ಕಾದದ್ದಾಯಿತು. ಹಲ್ಲು ನೋವಿಲ್ಲದೆ ಬಂತು.

ಉರಿಯೆದ್ದ ಹಲ್ಲು ಮರಗಟ್ಟದಿರಲು ಎಲ್ಲರೂ ಬರೆಯುವ ಕಾರಣ ಆಮ್ಲ. ಮರಗಟ್ಟಿಸುವ ಔಷಧ ಲಿಗ್ನೊಕೇನ್‌ನ ಪಿಕೆಎ (ಅದರ ಎರಡು ರೂಪಗಳು ಸಮನಾಗಿರುವ ಪಿಎಚ್) 7.9; ಪಿಎಚ್ 7.4 ಇರುವಲ್ಲಿ ನರದೊಳಗೆ ನುಗ್ಗಬಲ್ಲ ರೂಪ ಕಾಲು ಭಾಗದಷ್ಟಿರುತ್ತದೆ, ಕೀವಿನ ಜಾಗದಲ್ಲಿ ತೀರಾ ಕಡಿಮೆ. ಹಲ್ಲಿನ ಪಕ್ಕದಲ್ಲೇ ಕೊಡುವ ಇಂಜೆಕ್ಷನ್‌ಗೆ ಇದು ಸರಿ. ಆದರೆ ಬ್ಲಾಕ್ ಕೊಡುವ ಜಾಗ ಹಲ್ಲಿನಿಂದ ದೂರವಿದೆ, ಅಲ್ಲಿ ಆಮ್ಲ ಎಲ್ಲಿಂದ ಬರಬೇಕು? ಉರಿಯೂತದಿಂದ ನರದ ಸೋಡಿಯಂ ಚಾನೆಲ್‌ಗಳೇ ಬದಲಾಗಿ ಔಷಧಕ್ಕೆ ಬಗ್ಗದಂತಾಗುತ್ತವೆ ಎಂಬುದನ್ನೂ ಸೇರಿಸದಿದ್ದರೆ ವಿವರಣೆ ಅರ್ಧಕ್ಕೇ ನಿಲ್ಲುತ್ತದೆ.

ಸಂಜೆ ಅದೇ ರೋಗಿಯ ಲೆಕ್ಕವನ್ನೇ ಹಾಳೆಗೆ ಹಾಕಿದೆವು. 1.5, 0.2, 0.3, 0.6 ಸೇರಿ 2.6 ಎಂಎಲ್. ಶೇ. 2ರ ಲಿಗ್ನೊಕೇನ್ ಎಂದರೆ ಎಂಎಲ್‌ಗೆ 20 ಮಿ.ಗ್ರಾಂ., ಒಟ್ಟು 52. ರಕ್ತನಾಳ ಕುಗ್ಗಿಸಿ ಔಷಧವನ್ನು ಅಲ್ಲೇ ನಿಲ್ಲಿಸುವ ಅಡ್ರಿನಲಿನ್ ಸೇರಿದಾಗಿನ ಮಿತಿ ಕೆ.ಜಿ.ಗೆ 7 ಮಿ.ಗ್ರಾಂ.; 48 ಕೆ.ಜಿ. ತೂಕಕ್ಕೆ 336. ಇಲ್ಲಿ ಆತಂಕವಿಲ್ಲ. ಎಂಬಿಬಿಎಸ್‌ನವರು ಗಾಯಕ್ಕೆ ಹೊಲಿಗೆ ಹಾಕುವಾಗಲೂ ಇದೇ ಲೆಕ್ಕ. ಆದರೆ ಬಾಟಲಿಯಲ್ಲಿ 1:80,000 ಅಡ್ರಿನಲಿನ್ ಇತ್ತು, ಎಂಎಲ್‌ಗೆ 12.5 ಮೈಕ್ರೊಗ್ರಾಂ, ಒಟ್ಟು 32.5. ಆರೋಗ್ಯವಂತರಿಗೆ 200ರವರೆಗೆ ಸರಿ. ಹೃದಯದ ಕಾಯಿಲೆ ಇದ್ದವರಿಗೆ ಮಿತಿ 40. ಆಕೆಗೆ ಆ ಕಾಯಿಲೆ ಇದ್ದಿದ್ದರೆ, ಬ್ಲಾಕನ್ನು ಎರಡನೇ ಸಲ ಕೊಟ್ಟಾಗಲೇ ಗೆರೆ ದಾಟುತ್ತಿತ್ತು. ಲಿಗ್ನೊಕೇನ್ ಲೆಕ್ಕ ಎಲ್ಲರೂ ಮಾಡುತ್ತಾರೆ, ಅಡ್ರಿನಲಿನ್ ಲೆಕ್ಕ ಮರೆಯುತ್ತಾರೆ.

ಗುಟ್ಕಾದಿಂದ ಬಾಯಿ ಬಿಗಿದವರಿಗೆ ಈ ಕ್ರಮ ನಡೆಯುವುದಿಲ್ಲ. 1977ರಲ್ಲಿ ಅಕಿನೋಸಿ ವಿವರಿಸಿದ, ಬಾಯಿ ಮುಚ್ಚಿಕೊಂಡೇ ಕೊಡುವ ವಿಧಾನಕ್ಕೆ ಅರ್ಧ ಪುಟ ಬಿಟ್ಟಿದ್ದೇವೆ. ಈ ಭಾಗದಲ್ಲಿ ಅದು ಬೇಕೇ ಬೇಕು.

ಹೆಚ್ಚಿನವರು ನೋಟ್ಸ್ ಓದುವುದು ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿನಲ್ಲಿ, ಫೋನಿನಲ್ಲಿ. ಹಾಗಾಗಿ ಚಿತ್ರದ ಅಕ್ಷರ ದೊಡ್ಡದಾಯಿತು, ಪುಟ ಎರಡಕ್ಕೆ ಇಳಿಯಿತು. ಎರಡನೇ ಪುಟದ ತಲೆಯ ಮೇಲೆ ರೋಗಿಗೆ ಕೇಳಬೇಕಾದ ಪ್ರಶ್ನೆ ಇದೆ, ಆಡುವ ಮಾತಿನಲ್ಲೇ. ಕೊನೆಯಲ್ಲಿ ಮನೆಗೆ ಕಳಿಸುವಾಗ ಹೇಳುವ ಮಾತು: "ತುಟಿ ಸರಿ ಆಗಾಕ ಮೂರ್ನಾಲ್ಕು ತಾಸು ಬೇಕ್ರೀ. ಅಲ್ಲೀತನ ರೊಟ್ಟಿ ಅಗೀಬ್ಯಾಡ್ರಿ, ಬಿಸಿ ಚಹಾ ಕುಡೀಬ್ಯಾಡ್ರಿ, ತುಟಿ ಕಚ್ಚಗೋತೀರಿ."