ಸುನ್ನಿ ಸರಿನಾ, ಶಿಯಾ ಸರಿನಾ?

ಮೊಹರಂ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ಬೀದರಿನಲ್ಲಿ ಚಹಾ ಕುಡಿಯುವಾಗ ಹಿಂದೂ ಗೆಳೆಯರು, "ಸುನ್ನಿ, ಶಿಯಾ ಅಂತೀರಲ್ಲ, ಕುರ್‌ಆನ್ ಬೇರೆ ಬೇರೆ ಏನ್ರೀ?" ಅನ್ನುತ್ತಾರೆ. ನಮ್ಮ ಓಣಿಯ ಹುಡುಗರದು ಇನ್ನೂ ನೇರ. "ಭಾಯ್, ಯಾರು ಸರಿ?"

ಗೆಳೆಯರಿಗೆ ಉತ್ತರ ಹೇಳುವುದು ಸುಲಭ. ಕುರ್‌ಆನ್ ಒಂದೇ. ಇರಾನಿನಲ್ಲಿ ಅಚ್ಚಾದ ಪ್ರತಿ ತೆರೆದರೂ ಅದೇ 114 ಸೂರಾ (ಅಧ್ಯಾಯ), ಅದೇ ಕ್ರಮ. ಪ್ರವಾದಿ ಮುಹಮ್ಮದರ ನುಡಿ, ನಡೆ ದಾಖಲಿಸಿದ ಹದೀಸ್ ಗ್ರಂಥಗಳು ಮಾತ್ರ ಬೇರೆ. ನಾವು ಸುನ್ನಿಗಳು ಸಹೀಹ್ ಬುಖಾರಿ, ಸಹೀಹ್ ಮುಸ್ಲಿಂ ಸೇರಿ ಆರು ಗ್ರಂಥಗಳನ್ನು ಮುಖ್ಯವಾಗಿ ಹಿಡಿಯುತ್ತೇವೆ. ಶಿಯಾಗಳು ಅಲ್-ಕಾಫಿ ಸೇರಿ ನಾಲ್ಕನ್ನು. ಆಯತ್ (ಸೂರಾದ ವಾಕ್ಯ) ಒಂದೇ ಆದರೂ ಅದನ್ನು ಬಿಡಿಸಿ ಹೇಳಲು ಯಾರ ಮಾತು ನಂಬಬೇಕು ಅನ್ನುವಲ್ಲಿ ದಾರಿ ಕವಲಾಗುತ್ತದೆ.

ಹುಡುಗರಿಗೆ ನಾನು ಸೂರಾ ಅಹ್‌ಜಾಬ್ ತೆಗೆದು ಕೊಡುತ್ತೇನೆ. 33ನೇ ಆಯತ್‌ನಲ್ಲಿ ಅಲ್ಲಾಹ್ ಅಹ್ಲೆ ಬೈತ್, ಅಂದರೆ ಪ್ರವಾದಿಯ ಮನೆಯವರನ್ನು ಶುದ್ಧಗೊಳಿಸಲು ಬಯಸುತ್ತಾನೆ ಎಂದಿದೆ. ಯಾರು ಈ ಮನೆಯವರು? 28ರಿಂದ 34ರವರೆಗೆ ಓದಿ. ಹಿಂದೆ ಮುಂದೆ ಮಾತೆಲ್ಲ ಪ್ರವಾದಿಯ ಪತ್ನಿಯರದ್ದೇ. ಹಾಗಾಗಿ ಪತ್ನಿಯರೂ ಇದರಲ್ಲಿ ಸೇರಿದ್ದಾರೆ ಅನ್ನುತ್ತಾರೆ ಸುನ್ನಿಗಳು. ಸರಿಯಾಗಿಯೇ ಇದೆ ಅಲ್ವಾ? ಆದರೆ ಈ ಒಂದು ವಾಕ್ಯದಲ್ಲಿ ಮಾತ್ರ ಅರಬಿಯ ಸ್ತ್ರೀಲಿಂಗ ಹೋಗಿ ಪುಲ್ಲಿಂಗ ಬಹುವಚನ ಬರುತ್ತದೆ. ಶಿಯಾಗಳು ಅದನ್ನು ತೋರಿಸಿ, ಇಲ್ಲಿ ಹೇಳಿದ್ದು ಪತ್ನಿಯರನ್ನಲ್ಲ ಅನ್ನುತ್ತಾರೆ. ಗಂಡಸರೂ ಹೆಂಗಸರೂ ಕೂಡಿದ ಮನೆಗೆ ಹಾಗೆ ಹೇಳುವುದು ವಾಡಿಕೆಯೇ ಎಂದು ಸುನ್ನಿಗಳ ಉತ್ತರ.

ನಮ್ಮ ಹುಡುಗರು ಬೆರಗಾಗುವುದು ಇದರ ಮುಂದಿನ ಮಾತಿಗೆ. ಪ್ರವಾದಿ ಕಪ್ಪು ಕಂಬಳಿ ಹೊದ್ದು ಬಂದರು. ಮೊಮ್ಮಕ್ಕಳು ಹಸನ್, ಹುಸೇನ್, ಮಗಳು ಫಾತಿಮಾ, ಅಳಿಯ ಅಲಿ ಒಬ್ಬೊಬ್ಬರಾಗಿ ಬಂದಾಗ ಅದರೊಳಗೆ ಸೇರಿಸಿಕೊಂಡು ಇದೇ ಆಯತ್ ಓದಿದರು. ಇದನ್ನು ಹೇಳಿದವರು ಪ್ರವಾದಿಯ ಪತ್ನಿ ಹಜರತ್ ಆಯಿಶಾ. ಇರುವುದು ನಮ್ಮದೇ ಸಹೀಹ್ ಮುಸ್ಲಿಂನಲ್ಲಿ. ಆ ಆರರಲ್ಲಿ ಇನ್ನೊಂದಾದ ತಿರ್ಮಿಜಿಯಲ್ಲಿ ಇನ್ನೂ ಒಂದು ಬಗೆ ಇದೆ. ಪತ್ನಿ ಉಮ್ಮೆ ಸಲಮಾ, "ನಾನೂ ಇವರ ಜೊತೆಗಾ?" ಎಂದು ಕೇಳುತ್ತಾರೆ. ನೀನು ನಿನ್ನ ಜಾಗದಲ್ಲಿದ್ದೀಯ, ಒಳ್ಳೆಯದರಲ್ಲೇ ಇದ್ದೀಯ ಎಂದು ಪ್ರವಾದಿ ಹೇಳುತ್ತಾರೆ. ಇದು ಹೌದು ಅಂದಂತೆಯೋ, ಅಲ್ಲ ಅಂದಂತೆಯೋ? ಎರಡೂ ಕಡೆಯವರು ತಮ್ಮ ಪರವಾಗಿಯೇ ಓದುತ್ತಾರೆ. ಇಷ್ಟು ಓದಿದ ಮೇಲೆ ಎದುರಿನವನನ್ನು ದಾರಿ ತಪ್ಪಿದವನು ಅನ್ನಲು ನಾಲಿಗೆ ಸ್ವಲ್ಪ ತಡವರಿಸುತ್ತದೆ. ನನಗೆ ಬೇಕಾದದ್ದೂ ಅಷ್ಟೇ.

ನಮಾಜಿನ ಮುಂಚಿನ ಶುದ್ಧಿ, ವುಜೂ ಮಾಡುವಾಗ ನಾವು ಕಾಲು ತೊಳೆಯುತ್ತೇವೆ, ಅವರು ಒದ್ದೆ ಕೈಯಿಂದ ಸವರುತ್ತಾರೆ. ಇಬ್ಬರ ಆಧಾರವೂ ಸೂರಾ ಮಾಯಿದಾದ 6ನೇ ಆಯತ್. ಜಲ್ಸಾಗಳಲ್ಲಿ, ಅಂದರೆ ಧಾರ್ಮಿಕ ಸಭೆಗಳಲ್ಲಿ ನಮ್ಮ ಮೌಲಾನಾಗಳು "ಕುರ್‌ಆನ್ ಮತ್ತು ಸುನ್ನತ್ ಬಿಟ್ಟು ಹೋಗುತ್ತಿದ್ದೇನೆ" ಎಂಬ ಹದೀಸ್ ಹೇಳುತ್ತಾರೆ; ಸುನ್ನತ್ ಅಂದರೆ ಪ್ರವಾದಿಯ ನಡೆ. ಆ ಹದೀಸ್ ಇಮಾಮ್ ಮಾಲಿಕರ ಮುವತ್ತಾ ಎಂಬ ಗ್ರಂಥದಲ್ಲಿದೆ. ಸಹೀಹ್ ಮುಸ್ಲಿಂನಲ್ಲಿ ಖುಮ್ ಎಂಬ ನೀರಿನ ತಾಣದ ಬಳಿ ಪ್ರವಾದಿ ಹೇಳಿದ್ದು ಅಲ್ಲಾಹನ ಗ್ರಂಥ ಮತ್ತು ಅಹ್ಲೆ ಬೈತ್ ಬಗ್ಗೆ. ಇದನ್ನು ವೇದಿಕೆ ಮೇಲೆ ಹೇಳುವವರು ಕಡಿಮೆ. ಯಾಕೋ!

ಹೊಡೆದಾಟಗಳೆಲ್ಲ ಗ್ರಂಥದಿಂದ ಹುಟ್ಟಿದವೂ ಅಲ್ಲ. ಬೀದರಿನವರಿಗೆ ಇದನ್ನು ಬೇರೆ ಹೇಳಬೇಕಿಲ್ಲ. ಬಹಮನಿ ದರ್ಬಾರಿನಲ್ಲಿ ಇರಾನ್ ಕಡೆಯಿಂದ ಬಂದ ಅಫಾಕಿಗಳಿಗೂ ಇಲ್ಲೇ ನೆಲೆಸಿದ್ದ ದಖನಿಗಳಿಗೂ ಆಗಿಬರುತ್ತಿರಲಿಲ್ಲ. ಅಫಾಕಿಗಳಲ್ಲಿ ಶಿಯಾಗಳು ಬಹಳ, ದಖನಿಗಳಲ್ಲಿ ಸುನ್ನಿಗಳು. 1472ರಲ್ಲಿ ಮದ್ರಸಾ ಕಟ್ಟಿಸಿದ ಅಫಾಕಿ ವಜೀರ ಮಹಮೂದ್ ಗಾವಾನರ ತಲೆಯನ್ನು 1481ರಲ್ಲಿ ವಿರೋಧಿಗಳು ಬರೆಸಿದ ಒಂದು ಸುಳ್ಳು ಪತ್ರ ತೆಗೆಯಿತು. ಒಡಿಶಾದ ರಾಜನನ್ನು ದಂಡೆತ್ತಿ ಬರಲು ಕರೆದ ಪತ್ರ, ಮೇಲೆ ಗಾವಾನರ ಮೊಹರು. ಜಗಳ ಇದ್ದದ್ದು ಹುದ್ದೆಗೆ, ಜಾಗೀರಿಗೆ, ಸುಲ್ತಾನನ ಕಿವಿಗೆ ಯಾರು ಹತ್ತಿರ ಅನ್ನುವುದಕ್ಕೆ.

ಅಲಿ, ಹುಸೇನ್ ಅಂದರೆ ಶಿಯಾಗಳ ಸ್ವತ್ತು ಅಂದುಕೊಳ್ಳುವವರು ಕಲಬುರಗಿಗೆ ಹೋಗಬೇಕು. ಅಲ್ಲಿನ ಸುನ್ನಿ ಸೂಫಿ ಸಂತ ಖ್ವಾಜಾ ಬಂದೇ ನವಾಜರ ಚಿಶ್ತಿ ಸಿಲ್ಸಿಲಾ (ಗುರುಪರಂಪರೆ) ಹೋಗಿ ಮುಟ್ಟುವುದು ಹಜರತ್ ಅಲಿಯವರಿಗೇ. ಶಿಯಾಗಳ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲಿ ಮೊಹರಮಿನ ಅಲಾಯಿ ಕುಣಿತ ಕೂಡುತ್ತದೆ, ಲಿಂಗಾಯತರೂ ಕುರುಬರೂ ಹುಸೇನರು ಮಡಿದ ಕರ್ಬಲಾದ ಪದ ಹಾಡುತ್ತಾರೆ.

ಹಾಗಂತ ಎಲ್ಲ ಒಂದೇ ಎಂದು ಸುಮ್ನೆ ಹೇಳಿ ಜಾರಿಕೊಳ್ಳಲು ನನಗೆ ಇಷ್ಟವಿಲ್ಲ. ಪ್ರವಾದಿ 632ರಲ್ಲಿ ತೀರಿಕೊಂಡ ಮೇಲೆ ಮುಂದಾಳು ಯಾರು ಅನ್ನುವುದು ನಿಜವಾದ ಭೇದ. ಸಮುದಾಯ ಆರಿಸಿದವರು ಅನ್ನುತ್ತಾರೆ ಸುನ್ನಿಗಳು, ಅಲ್ಲಾಹ್ ನೇಮಿಸಿದ ಅಲಿ ಅನ್ನುತ್ತಾರೆ ಶಿಯಾಗಳು. ನಾನು ಸುನ್ನಿ. ಸೂರಾ ಶೂರಾದ 38ನೇ ಆಯತ್ ಸಮುದಾಯದ ಕೆಲಸ ಪರಸ್ಪರ ಸಮಾಲೋಚನೆಯಿಂದ ನಡೆಯುತ್ತದೆ ಅನ್ನುತ್ತದೆ. ನನಗೆ ಅದು ಗಟ್ಟಿ ಆಧಾರ. ನನ್ನ ಶಿಯಾ ಗೆಳೆಯರು ಸೂರಾ ಬಕರಾದ 124ನೇ ಆಯತ್ ತೆಗೆಯುತ್ತಾರೆ. ಅಲ್ಲಿ ಅಲ್ಲಾಹ್ ಇಬ್ರಾಹಿಮರಿಗೆ, ನಿನ್ನನ್ನು ಜನರಿಗೆ ಇಮಾಮನನ್ನಾಗಿ (ಮುಂದಾಳಾಗಿ) ಮಾಡುತ್ತೇನೆ ಅನ್ನುತ್ತಾನೆ. "ನೇಮಿಸಿದ್ದು ಅಲ್ಲಾಹ್. ಜನ ಕೂತು ಆರಿಸಲಿಲ್ಲವಲ್ಲ!" ಎಂಬುದು ಅವರ ವಾದ. ಇಬ್ರಾಹಿಮರು ಪ್ರವಾದಿ, ಅವರ ವಿಷಯ ಬೇರೆ ಅನ್ನುತ್ತೇನೆ ನಾನು. ಪ್ರವಾದಿಯಾದ ಮೇಲೂ ಇಮಾಮತ್ ಬೇರೆಯಾಗಿ ಯಾಕೆ ಕೊಟ್ಟ ಎಂದು ಅವರು ಕೇಳುತ್ತಾರೆ. "ಯಾರು ಸರಿ" ಎಂದು ಕೇಳಲು ಬರುವ ಹುಡುಗರು ಈ ಎರಡು ಆಯತ್ ಓದಿಕೊಂಡು ಬಂದರೆ ಮಾತು ಇಲ್ಲಿಂದ ಮುಂದುವರಿಸಬಹುದು.