ಪಕ್ಕದ ಮನೆಯ ಸಿಬಿ ರೇಡಿಯೊ, ತಪ್ಪು ಜಾಗಕ್ಕೆ ಹಾಕಿದ ಫಿಲ್ಟರ್

ಅಮೆರಿಕದ ಓಹಾಯೋ ರಾಜ್ಯದ ಒಂದು ಸಣ್ಣ ಊರಿನಲ್ಲಿ ಮನೆಮನೆಗೆ ಹೋಗಿ ಟಿವಿ, ಆ್ಯಂಟೆನಾ, ಸ್ಪೀಕರ್ ರಿಪೇರಿ ಮಾಡುವುದು ನನ್ನ ಕೆಲಸ. ದಾವಣಗೆರೆಯಲ್ಲಿ ಚಿಕ್ಕಪ್ಪನ ಅಂಗಡಿಯಲ್ಲಿ ಸೋಲ್ಡರಿಂಗ್ ಕಲಿತವನು ನಾನು. ಟಿವಿ ಗೊತ್ತಿತ್ತು, ಆಂಪ್ಲಿಫೈಯರ್ ಗೊತ್ತಿತ್ತು. ಇಲ್ಲಿಗೆ ಬಂದ ಮೇಲೆ ಹೊಸದಾಗಿ ಕಲಿಯಬೇಕಾಗಿ ಬಂದದ್ದು ಸಿಬಿ ರೇಡಿಯೊ, ಅಂದರೆ ಸಿಟಿಜನ್ಸ್ ಬ್ಯಾಂಡ್, ಸಾಮಾನ್ಯ ಜನ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವ ರೇಡಿಯೊ.

ಇಲ್ಲಿ ಅದಕ್ಕೆ ಲೈಸೆನ್ಸ್ ಬೇಕಿಲ್ಲ. 26.965ರಿಂದ 27.405 ಮೆಗಾಹರ್ಟ್ಸ್‌ವರೆಗೆ 40 ಚಾನೆಲ್. ಎಎಂ, ಸೈಡ್‌ಬ್ಯಾಂಡ್ ಅಂದರೆ ದನಿಯನ್ನು ರೇಡಿಯೊ ಅಲೆಯಲ್ಲಿ ಕಳಿಸುವ ಬೇರೆಬೇರೆ ವಿಧಾನಗಳು; ಎಎಂನಲ್ಲಿ 4 ವ್ಯಾಟ್, ಸೈಡ್‌ಬ್ಯಾಂಡ್‌ನಲ್ಲಿ 12 ವ್ಯಾಟ್ ಮಿತಿ. ಲಾರಿ ಓಡಿಸುವವರು 19ನೇ ಚಾನೆಲ್‌ನಲ್ಲಿ ಮಾತಾಡಿಕೊಳ್ಳುತ್ತಾರೆ. ನಿವೃತ್ತರಾದ ಮೇಲೂ ಆ ಗೆಳೆತನ ಬಿಡಲಾಗದವರು ಮನೆಯಲ್ಲೇ ಒಂದು ಸೆಟ್ ಇಟ್ಟು, ಮಾಳಿಗೆಗಿಂತ ಎತ್ತರಕ್ಕೆ ಆ್ಯಂಟೆನಾ ನಿಲ್ಲಿಸಿಕೊಳ್ಳುತ್ತಾರೆ.

ಅಂಥ ಒಬ್ಬ ನಿವೃತ್ತ ಲಾರಿ ಚಾಲಕರ ಪಕ್ಕದ ಮನೆಯಿಂದ ನಮ್ಮ ಅಂಗಡಿಗೆ ಫೋನ್ ಬಂತು. ಸಂಜೆಯಾದರೆ ಟಿವಿ ಚಿತ್ರ ಚೂರುಚೂರಾಗಿ ನಿಂತುಬಿಡುತ್ತದೆ, ಕಂಪ್ಯೂಟರ್ ಸ್ಪೀಕರಿನಲ್ಲಿ ಬಾತುಕೋಳಿ ಕೂಗಿದ ಹಾಗೆ ಏನೋ ಕೇಳುತ್ತದೆ ಅಂತ. ಆ ಮಹಿಳೆಗೆ ಅರವತ್ತು ದಾಟಿದೆ. ಎರಡು ಮನೆಗಳ ನಡುವೆ ಮಾತು ನಿಂತು ಆಗಲೇ ಒಂದು ವರ್ಷವಾಗಿತ್ತು. ಬಾತುಕೋಳಿ ಅಂದ ಕೂಡಲೇ ನನಗೆ ವಿಷಯ ತಿಳಿಯಿತು. ಸೈಡ್‌ಬ್ಯಾಂಡ್ ಮಾತು ಬೇರೆ ಉಪಕರಣದೊಳಗೆ ನುಸುಳಿದರೆ ಹಾಗೇ ಕೇಳುತ್ತದೆ. ಎಎಂ ಆಗಿದ್ದರೆ ಮಾತೇ ಸ್ಪಷ್ಟವಾಗಿ ಕೇಳುತ್ತಿತ್ತು.

ನಾನು ನೇರವಾಗಿ ಚಾಲಕರ ಮನೆಗೆ ಹೋದೆ. ಸೆಟ್ಟಿನ ಹಿಂದೆ ಒಂದು ಲೋ-ಪಾಸ್ ಫಿಲ್ಟರ್ (ಕೆಳಗಿನ ಮೆಗಾಹರ್ಟ್ಸ್ ಬಿಟ್ಟು ಮೇಲಿನದನ್ನು ತಡೆಯುವಂಥದ್ದು) ಹಾಕಿದೆ, ದುಡ್ಡು ತೆಗೆದುಕೊಂಡೆ, ಬಂದೆ. ನನ್ನ ಲೆಕ್ಕ ಹೀಗಿತ್ತು: 27ರ ಎರಡರಷ್ಟು 54, ಅದು ಟಿವಿಯ 2ನೇ ಚಾನೆಲ್ ಶುರುವಾಗುವ ಜಾಗ. ಮೂರರಷ್ಟು 81, ಅದು 5ನೇ ಚಾನೆಲ್. ಸೆಟ್ಟಿನಿಂದ ಹೊರಡುವ ಈ ಎರಡರಷ್ಟು, ಮೂರರಷ್ಟು ಅಲೆಗಳನ್ನು, ಅಂದರೆ ಹಾರ್ಮೋನಿಕ್‌ಗಳನ್ನು ತಡೆದರೆ ಸಾಕು. 2009ರ ಜೂನ್‌ನಲ್ಲಿ ಇಲ್ಲಿನ ದೊಡ್ಡ ಕೇಂದ್ರಗಳ ಅನಲಾಗ್ ಪ್ರಸಾರ ನಿಲ್ಲುವ ತನಕ ಎಷ್ಟೋ ಮನೆಗಳಲ್ಲಿ ಈ ಲೆಕ್ಕ ಸರಿಹೋಗುತ್ತಿತ್ತು.

ಮೂರು ದಿನಕ್ಕೆ ಮತ್ತೆ ಫೋನ್. ಏನೂ ಬದಲಾಗಿಲ್ಲ. ಈಗ ಇಬ್ಬರಿಗೂ ನನ್ನ ಮೇಲೆ ಸಿಟ್ಟು. ದುಡ್ಡು ಕೊಟ್ಟ ಚಾಲಕರದು ನ್ಯಾಯವಾದ ಸಿಟ್ಟೇ.

ನಮ್ಮ ಅಂಗಡಿಯ ಹಿರಿಯ ಮೆಕ್ಯಾನಿಕ್ ಒಂದೇ ಪ್ರಶ್ನೆ ಕೇಳಿದರು: "ಆಕೆಯ ಟಿವಿಯಲ್ಲಿ ಯಾವ ಚಾನೆಲ್ ಒಡೆಯುತ್ತೆ?" ನಾನು ನೋಡಿರಲಿಲ್ಲ. ದೂರು ಕೊಟ್ಟವರ ಮನೆಯೊಳಗೆ ಕಾಲೇ ಇಟ್ಟಿರಲಿಲ್ಲ.

ಮರುದಿನ ಹೋಗಿ ನೋಡಿದೆ. ಎಲ್ಲ ಚಾನೆಲ್‌ಗಳೂ ಒಡೆಯುತ್ತಿದ್ದವು, 500 ಮೆಗಾಹರ್ಟ್ಸ್‌ಗಿಂತ ಮೇಲಿರುವವೂ ಸೇರಿ. ಇಡೀ ಕೆಲಸದ ಗುಟ್ಟು ಇರುವುದು ಇಲ್ಲೇ. ಹಾರ್ಮೋನಿಕ್ ತೊಂದರೆಯಾದರೆ ಸಾಮಾನ್ಯವಾಗಿ ಒಂದೆರಡು ಚಾನೆಲ್ ಕೆಡುತ್ತವೆ. ಎಲ್ಲವೂ ಒಟ್ಟಿಗೆ ಕೆಟ್ಟರೆ 27 ಮೆಗಾಹರ್ಟ್ಸ್ ಸಿಗ್ನಲ್ಲೇ ಜೋರಾಗಿ ಬಂದು ರಿಸೀವರನ್ನು ಮುಳುಗಿಸುತ್ತಿದೆ ಎಂದು ಅನುಮಾನಿಸಬೇಕು. ಆಗ ಸಿಬಿ ಸೆಟ್ ಕಾನೂನಿನ ಪ್ರಕಾರ ಅಚ್ಚುಕಟ್ಟಾಗಿಯೇ ಕೆಲಸ ಮಾಡುತ್ತಿರಬಹುದು. ಅದರ ಹಿಂದೆ ಎಷ್ಟು ಲೋ-ಪಾಸ್ ಫಿಲ್ಟರ್ ಹಾಕಿದರೂ ಪ್ರಯೋಜನವಿಲ್ಲ, ಏಕೆಂದರೆ ಆ ಫಿಲ್ಟರ್ ಇರುವುದೇ 27ನ್ನು ಹೊರಗೆ ಬಿಡಲು.

ಎರಡು ಆ್ಯಂಟೆನಾಗಳ ನಡುವೆ 15 ಮೀಟರ್ ಅಂತರ. 4 ವ್ಯಾಟ್ ಕಡಿಮೆ ಅನಿಸಬಹುದು, ಆದರೆ ಅಷ್ಟು ಹತ್ತಿರದಲ್ಲಿ ಅದು ಮೀಟರಿಗೆ ಹೆಚ್ಚುಕಡಿಮೆ 1 ವೋಲ್ಟ್ ಆಗುತ್ತದೆ. ದೂರದ ಟಿವಿ ಕೇಂದ್ರದಿಂದ ಬರುವುದನ್ನು ಅಳೆಯುವುದು ಮೈಕ್ರೊವೋಲ್ಟ್‌ನಲ್ಲಿ. ಅದರ ಮೇಲೆ ಆಕೆಯ ಆ್ಯಂಟೆನಾ ಕಂಬದ ತುದಿಯಲ್ಲಿ ಒಂದು ಅಗ್ಗದ ಬೂಸ್ಟರ್. ಟಿವಿ ಸಿಗ್ನಲ್ ಜೊತೆ 27ನ್ನೂ ಸೇರಿಸಿ ಹಿಗ್ಗಿಸಿ ತಾನೇ ಉಸಿರುಗಟ್ಟುತ್ತಿತ್ತು.

27ನ್ನು ತಡೆದು ಅದಕ್ಕಿಂತ ಮೇಲಿರುವ ಟಿವಿ ಸಿಗ್ನಲ್ ಬಿಡುವ ಹೈ-ಪಾಸ್ ಫಿಲ್ಟರ್ ತಂದು ಟಿವಿಯ ಹಿಂದೆ ಹಾಕಿದೆ. ಗುಣ ಕಾಣಲಿಲ್ಲ. ಬೂಸ್ಟರಿನಲ್ಲೇ ಕೆಟ್ಟುಹೋದ ಸಿಗ್ನಲ್ಲನ್ನು ಕೆಳಗೆ ಟಿವಿಯ ಬಳಿ ಶುದ್ಧ ಮಾಡಲು ಆಗುವುದಿಲ್ಲವಲ್ಲ. ಬೂಸ್ಟರಿಗೆ ಹೋಗುವ ಕೇಬಲ್‌ನಲ್ಲಿ ಹಾಕಿದೆ. ಟಿವಿ ಪೂರ್ತಿ ಸತ್ತೇಹೋಯಿತು. ಕಂಬದ ಮೇಲಿನ ಬೂಸ್ಟರಿಗೆ ಕರೆಂಟ್ ಹೋಗುವುದು ಅದೇ ಕೇಬಲ್‌ನಲ್ಲಿ, ಫಿಲ್ಟರ್ ಅದನ್ನೂ ತಡೆದಿತ್ತು. ಕೊನೆಗೆ ಏಣಿ ಹಾಕಿ ಹತ್ತಿ, ಆ್ಯಂಟೆನಾಗೂ ಬೂಸ್ಟರಿಗೂ ನಡುವೆ ಇರುವ ಒಂದು ಗೇಣು ಕೇಬಲ್ ಬಿಚ್ಚಿ, ಅಲ್ಲಿ ಕೂರಿಸಿ ಮಳೆನೀರು ಇಳಿಯದಂತೆ ಟೇಪ್ ಸುತ್ತಿದೆ. ಕೆಳಗೆ ಚಾಲಕರು ಮೈಕ್ ಒತ್ತಿ ಒಂದರಿಂದ ಹತ್ತು ಎಣಿಸಿದರು. ಆಕೆ ಕಿಟಕಿಯಿಂದ ಕೈ ಹೊರಗೆ ಹಾಕಿ ಹೆಬ್ಬೆರಳು ಎತ್ತಿದರು. ಒಂದು ವರ್ಷದಲ್ಲಿ ಅವರಿಬ್ಬರ ನಡುವೆ ನಡೆದ ಮೊದಲ ಮಾತುಕತೆ ಅದು.

ಸ್ಪೀಕರ್ ಬೇರೆ ಕಥೆ. ಅಲ್ಲಿ ವಾಲ್ಯೂಮ್ ಪೂರ್ತಿ ಇಳಿಸಿ ನೋಡಬೇಕು. ಬಾತುಕೋಳಿ ದನಿಯೂ ಇಳಿದರೆ ಅದು ವಾಲ್ಯೂಮ್‌ಗಿಂತ ಮೊದಲೇ ಒಳಗೆ ಬಂದಿದೆ. ಇಳಿಯದಿದ್ದರೆ ನಂತರ, ಅಂದರೆ ಹೆಚ್ಚಾಗಿ ಸ್ಪೀಕರ್ ವೈರಿನಿಂದ. ಇಲ್ಲಿ ಇಳಿಯಲಿಲ್ಲ. ವೈರ್ ಅಳೆದು ನೋಡಿದರೆ 9 ಅಡಿ. ಸಿಬಿ ಅಲೆಯ ಉದ್ದ 11 ಮೀಟರ್, ಅದರ ಕಾಲುಭಾಗ ಸರಿಯಾಗಿ 9 ಅಡಿ. ಆಕೆಯ ಮೇಜಿನ ಹಿಂದೆ ಯಾರಿಗೂ ತಿಳಿಯದಂತೆ ಒಂದು ಒಳ್ಳೆಯ ಸಿಬಿ ಆ್ಯಂಟೆನಾ ಬಿದ್ದಿತ್ತು.

ಇದಕ್ಕೆ ಮದ್ದು ಫೆರೈಟ್ ರಿಂಗ್, ವೈರಿನಲ್ಲಿ ಹರಿದು ಬರುವ ರೇಡಿಯೊ ಸಿಗ್ನಲ್ಲನ್ನು ತಡೆಯುವ ಉಂಗುರ. ಅಂಗಡಿಯಲ್ಲಿ ಸಿಗುವ ಚಿಕ್ಕ ಕ್ಲಿಪ್ ಒಂದನ್ನು ವೈರಿಗೆ ಸಿಕ್ಕಿಸಿ ಮುಗಿಯಿತು ಅನ್ನುವವರು ಬಹಳ. ಒಂದು ಸಲ ಹಾದುಹೋದರೆ ತಡೆ ತುಂಬಾ ಕಡಿಮೆ. ಅದೇ ವೈರನ್ನು ದೊಡ್ಡ ರಿಂಗಿನೊಳಗೆ ಮೂರು ಸುತ್ತು ಹಾಯಿಸಿದರೆ ತಡೆ ಮೂರು ಪಟ್ಟಲ್ಲ, ಹತ್ತಿರಹತ್ತಿರ ಒಂಬತ್ತು ಪಟ್ಟು. ನಾನು 31 ನಂಬರಿನ ಮಿಕ್ಸ್ (ಫೆರೈಟ್‌ನ ಒಂದು ಬಗೆ) ರಿಂಗಿನಲ್ಲಿ ಆರು ಸುತ್ತು ಹಾಕಿದೆ, ಆಂಪ್ಲಿಫೈಯರಿಗೆ ಎಷ್ಟು ಹತ್ತಿರ ಆಗುತ್ತದೋ ಅಷ್ಟು ಹತ್ತಿರ. ಮಿಕ್ಕ ವೈರನ್ನು ಸಿಂಬಿ ಸುತ್ತಿ ಗಿಡ್ಡ ಮಾಡಿದೆ. ದನಿ ನಿಂತಿತು. ಬೆಂಗಳೂರಿನಲ್ಲಿ ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಇರುವ ನನ್ನ ಗೆಳೆಯನೂ 28 ಮೆಗಾಹರ್ಟ್ಸ್‌ನಲ್ಲಿ ಮಾತಾಡುವಾಗ ಕೆಳಗಿನ ಫ್ಲ್ಯಾಟಿನ ಹೋಂ ಥಿಯೇಟರಿಗೆ ಇದೇ ಮದ್ದು ಮಾಡಿದ.

ಚಾಲಕರ ಕಡೆ ತಪ್ಪೇ ಇರಲಿಲ್ಲ ಅಂತಲ್ಲ. ಅವರ ಆ್ಯಂಟೆನಾ ಬುಡದ ಕನೆಕ್ಟರಿನೊಳಗೆ ನೀರು ಇಳಿದು ಹಸಿರುಗಟ್ಟಿತ್ತು, ಅದನ್ನು ಕತ್ತರಿಸಿ ಹೊಸದು ಬೆಸೆದೆ. ದನಿ ಹಿಗ್ಗಿಸುವ ಪವರ್ ಮೈಕಿನ ಗೇನ್ ಪೂರ್ತಿ ತಿರುಗಿಸಿದ್ದರು, ಅರ್ಧಕ್ಕೆ ಇಳಿಸಿದೆ. ಜೋರು ಮಾಡಿದರೆ ದೂರ ಹೋಗುತ್ತದೆ ಅನ್ನುವ ನಂಬಿಕೆ ಬಹಳ ಜನಕ್ಕಿದೆ. ಹಾಗೆ ಮಾಡಿದರೆ ದನಿ ಒಡೆದು ಅಕ್ಕಪಕ್ಕದ ಚಾನೆಲ್‌ಗೆ ಚೆಲ್ಲುತ್ತದೆ ಅಷ್ಟೇ. ಸೆಟ್ಟಿನ ವ್ಯಾಟ್ ಹೆಚ್ಚಿಸುವ ಲೀನಿಯರ್ ಆಂಪ್ಲಿಫೈಯರ್ ಇದೆಯಾ ಅಂತ ಮುಖ ನೋಡಿಯೇ ಕೇಳಿದೆ. ಸಿಬಿಯಲ್ಲಿ ಅದು ಕಾನೂನುಬಾಹಿರ. ಇದ್ದಿದ್ದರೆ ಅದನ್ನು ಬಿಚ್ಚುವ ತನಕ ನಾನು ಮುಂದೆ ಕೆಲಸ ಮಾಡುತ್ತಿರಲಿಲ್ಲ. ಇರಲಿಲ್ಲ.

ಸ್ಪೀಕರ್ ಪೆಟ್ಟಿಗೆಯ ತಳದಲ್ಲಿ ಒಂದು ಚೀಟಿ ಅಂಟಿಸಿತ್ತು. ಅಮೆರಿಕದ ಸಂವಹನ ನಿಯಂತ್ರಣ ಸಂಸ್ಥೆ ಎಫ್‌ಸಿಸಿಯ 15ನೇ ಭಾಗದ ನಿಯಮದ ಪ್ರಕಾರ ಈ ಉಪಕರಣ ಹೊರಗಿನಿಂದ ಬರುವ ಅಡ್ಡಿಯನ್ನು ಸಹಿಸಿಕೊಳ್ಳಬೇಕು ಅಂತ ಅದರಲ್ಲಿದೆ. ಅದನ್ನು ಆಕೆಗೆ ತೋರಿಸಲೋ ಬೇಡವೋ ಅಂತ ಬಹಳ ಯೋಚಿಸಿದೆ. ವಾದ ಗೆಲ್ಲುವುದಕ್ಕೆ ತೋರಿಸಿದರೆ ಜಗಳ ಹೆಚ್ಚುತ್ತದೆ. ಕೆಲಸ ಮುಗಿದು, ಟಿವಿ ಸರಿಯಾಗಿ ಓಡುತ್ತಿರುವಾಗ ತೋರಿಸಿದೆ. ಆಕೆ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, "ಹಾಗಾದರೆ ಅವರದೇನೂ ತಪ್ಪಿರಲಿಲ್ಲವೇ?" ಅಂದರು. "ಅವರ ಕನೆಕ್ಟರ್ ಹಾಳಾಗಿತ್ತು, ನಿಮ್ಮ ಬೂಸ್ಟರಿಗೆ ಇಷ್ಟು ಹತ್ತಿರದ ಸಿಗ್ನಲ್ ತಡೆಯುವ ಶಕ್ತಿ ಇರಲಿಲ್ಲ" ಅಂದೆ.

ಈಗ ಇಂಥ ದೂರು ಬಂದರೆ ಮೊದಲು ದೂರು ಕೊಟ್ಟವರ ಮನೆಗೇ ಹೋಗುತ್ತೇನೆ. ಯಾವ ಚಾನೆಲ್, ಎಷ್ಟು ಹೊತ್ತಿಗೆ ಅಂತ ಒಂದು ವಾರ ಬರೆದಿಡಲು ಹೇಳುತ್ತೇನೆ, ಸಿಬಿಯವರಿಗೂ ಮಾತಾಡಿದ ಹೊತ್ತು ಬರೆದಿಡಲು ಹೇಳುತ್ತೇನೆ. ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿದ ಮೇಲೇ ಗಾಡಿಯಿಂದ ಫಿಲ್ಟರ್ ಡಬ್ಬಿ ಇಳಿಸುವುದು. ಒಂದು ಮನೆಯಲ್ಲಿ ಆ ಎರಡು ಪಟ್ಟಿ ತಾಳೆಯೇ ಆಗಲಿಲ್ಲ. ಅಲ್ಲಿ ಕಿಡಿ ಹಾರಿಸುತ್ತಿದ್ದದ್ದು ಮೀನಿನ ತೊಟ್ಟಿಯ ಹೀಟರ್.

ಚಾಲಕರಿಗೆ ಲೋ-ಪಾಸ್ ಫಿಲ್ಟರಿನ ದುಡ್ಡು ವಾಪಸ್ ಕೊಡಲು ಹೋದೆ. ಫಿಲ್ಟರ್ ಅಲ್ಲೇ ಇರಲಿ ಅಂದರು, ಕನೆಕ್ಟರ್ ಬೆಸೆದ ಕೂಲಿ ಎಷ್ಟು ಅಂತ ಕೇಳಿದರು. ಎರಡೂ ಸೇರಿ ಹೊಸ ರಸೀದಿ ಬರೆದು, ಹಳೆಯದನ್ನು ಅವರ ಮುಂದೆಯೇ ಹರಿದೆ.